ತಕ್ಕಡಿ ಮತ್ತು ಹತ್ತಿ: ಯಾದಗಿರಿಯ ಶಾಲೆಗಳ ಲೆಕ್ಕದ ಬಗೆಗೆ

ಹತ್ತಿ ಬೆಳೆದ ರೈತನು ಮಾರಾಟಕ್ಕೆ ಬಂದಾಗ ಮೊದಲು ನೋಡುವುದು ತಕ್ಕಡಿಯನ್ನು. ಮುಳ್ಳು ನೆಟ್ಟಗೆ ನಿಂತಿದೆಯೇ, ಕಲ್ಲುಗಳು ಸರಿಯಾಗಿವೆಯೇ, ಚೀಲದ ತೂಕವೆಂದು ಎಷ್ಟು ಕಳೆದರು ಎಂಬುದನ್ನು ವಿಚಾರಿಸಿಕೊಳ್ಳದೆ ಆತನು ಬಂದ ತೂಕವನ್ನು ಒಪ್ಪುವುದಿಲ್ಲ. ಈಗ ಎಲೆಕ್ಟ್ರಾನಿಕ್ ತಕ್ಕಡಿಗಳು ಬಂದಿವೆ. ಆದರೂ ಬರಿದಾಗಿರುವಾಗ ಅದು ಸೊನ್ನೆಯನ್ನು ತೋರಿಸುತ್ತದೆಯೇ ಎಂದು ಇಣುಕಿ ನೋಡುವ ಅಭ್ಯಾಸ ಹೋಗಿಲ್ಲ. ವಿಜ್ಞಾನದ ವಿದ್ಯಾರ್ಥಿಯು ಪ್ರಯೋಗಶಾಲೆಯಲ್ಲಿ ಮೊದಲ ದಿನ ಕಲಿಯುವ ಪಾಠವೂ ಇದೇ ಅಷ್ಟೆ: ಉಪಕರಣದ ಶೂನ್ಯದೋಷವನ್ನು ತಿಳಿಯದೆ ಅಳತೆಯನ್ನು ಬರೆಯಕೂಡದು. ಆದರೆ ಮಕ್ಕಳ ವಿದ್ಯೆಯನ್ನು ತೂಗಿ ಬಂದ ಅಂಕಿಯನ್ನು ಮಾತ್ರ ನಾವು ತಕ್ಕಡಿಯ ಕಡೆ ತಿರುಗಿಯೂ ನೋಡದೆ ಒಪ್ಪಿಬಿಡುತ್ತೇವೆ. ಒಪ್ಪಿದ ಮೇಲೆ ಒಂದೋ ಹಿಗ್ಗುತ್ತೇವೆ, ಇಲ್ಲವೇ ಯಾರನ್ನಾದರೂ ದೂಷಿಸುತ್ತೇವೆ.

ಈ ಮಾತನ್ನು ಯಾದಗಿರಿ ಜಿಲ್ಲೆಯ ಕಡೇಚೂರನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳುತ್ತಿದ್ದೇನೆ. ಸೈದಾಪುರದ ಕಡೆಗೆ, ತೆಲಂಗಾಣದ ಗಡಿಗೆ ಸಮೀಪವಾಗಿ ಇರುವ ಊರು ಅದು. ಅದರ ಮಗ್ಗುಲಲ್ಲಿಯೇ ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶ ಎದ್ದಿದೆ. ಮೂರು ಸಾವಿರ ಎಕರೆಗೂ ಮಿಕ್ಕ ಭೂಮಿ ಅದಕ್ಕೆ ಹೋಯಿತು. ರೈಲುಗಾಡಿಯ ಬೋಗಿಗಳ ಕಾರ್ಖಾನೆಯೂ ಔಷಧ ಮತ್ತು ರಾಸಾಯನಿಕ ಕಾರ್ಖಾನೆಗಳೂ ಅಲ್ಲಿ ತಲೆಯೆತ್ತಿವೆ. ಭೂಮಿಯನ್ನು ಕೊಟ್ಟ ಮನೆಗಳ ಮಕ್ಕಳು ಆ ಕಾರ್ಖಾನೆಗಳನ್ನು ಹೊಕ್ಕಾರು, ಸರಿ. ಆದರೆ ಯಂತ್ರದ ನಕ್ಷೆಯನ್ನು ಓದಬಲ್ಲ ಕುಶಲಿಗಳಾಗಿ ಹೊಗುವರೋ, ದಿನಗೂಲಿಗೆ ಮೂಟೆ ಹೊರುವವರಾಗಿ ಹೊಗುವರೋ? ಇದನ್ನು ಬಹುಮಟ್ಟಿಗೆ ನಿರ್ಣಯಿಸುವುದು ಹತ್ತನೆಯ ತರಗತಿಯ ಅಂಕಪಟ್ಟಿ. ಆದುದರಿಂದ ಆ ಪಟ್ಟಿಯ ಹಿಂದಿನ ಲೆಕ್ಕವು ಶಿಕ್ಷಣಾಧಿಕಾರಿಗಳಿಗೆ ಮಾತ್ರ ಸೇರಿದ ವಿಷಯವಲ್ಲ.

ಲೆಕ್ಕವನ್ನೇ ನೋಡೋಣ. ೨೦೨೩ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಯಾದಗಿರಿ ಜಿಲ್ಲೆಯಲ್ಲಿ ನೂರಕ್ಕೆ ೭೫.೪೯ ಮಂದಿ ಉತ್ತೀರ್ಣರಾದರು. ೨೦೨೪ರಲ್ಲಿ ಉತ್ತೀರ್ಣರಾದವರು ೫೦.೫೯. ಎರಡು ವರ್ಷವೂ ಜಿಲ್ಲೆಗೆ ರಾಜ್ಯದಲ್ಲಿ ಕಡೆಯ ಸ್ಥಾನವೇ. ಒಂದೇ ವರ್ಷದಲ್ಲಿ ಇಪ್ಪತ್ತೈದರಷ್ಟು ಇಳಿತ! ಒಂದು ಜಿಲ್ಲೆಯ ಮಕ್ಕಳೆಲ್ಲರೂ ಹನ್ನೆರಡು ತಿಂಗಳಲ್ಲಿ ಇಷ್ಟೊಂದು ದಡ್ಡರಾಗುವುದು ಸಾಧ್ಯವೇ? ಶಿಕ್ಷಕರೆಲ್ಲರೂ ಏಕಕಾಲಕ್ಕೆ ಪಾಠ ಮಾಡುವುದನ್ನು ಬಿಟ್ಟರೇ? ಹಾಗೇನೂ ಆಗಲಿಲ್ಲ. ಬದಲಾದುದು ತಕ್ಕಡಿ. ೨೦೨೪ರಲ್ಲಿ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮರಾಗಳನ್ನು ಇರಿಸಿ, ನಡೆಯುವುದನ್ನೆಲ್ಲ ದೂರದಿಂದಲೇ ನೋಡುವ ವ್ಯವಸ್ಥೆಯನ್ನು ಮಾಡಲಾಯಿತು. ರಾಜ್ಯದ ಒಟ್ಟು ಫಲಿತಾಂಶವೂ ೮೩.೮೯ರಿಂದ ೭೩.೪೦ಕ್ಕೆ ಕುಸಿಯಿತು. ಆ ೭೩.೪೦ ಕೂಡ ಒತ್ತಾಸೆ ಕೊಟ್ಟು ನಿಲ್ಲಿಸಿದ ಸಂಖ್ಯೆ. ಶೇಕಡಾ ೧೦ರಷ್ಟಿದ್ದ ಕೃಪಾಂಕವನ್ನು ಆ ವರ್ಷ ೨೦ಕ್ಕೆ ಏರಿಸಲಾಯಿತು. ಅದನ್ನು ಪಡೆಯಲು ಬೇಕಾದ ಅರ್ಹತೆಯನ್ನು ೩೫ರಿಂದ ೨೫ಕ್ಕೆ ಇಳಿಸಲಾಯಿತು. ತಕ್ಕಡಿಯ ಒಂದು ಕಡೆ ಮುಳ್ಳನ್ನು ಸರಿಪಡಿಸಿದರು, ಇನ್ನೊಂದು ಕಡೆ ತಟ್ಟೆಯ ಮೇಲೆ ಬೆರಳನ್ನಿಟ್ಟರು.

ಮರುವರ್ಷ, ೨೦೨೫ರಲ್ಲಿ, ಆ ಹೆಚ್ಚಿನ ಕೃಪಾಂಕವನ್ನು ಹಿಂತೆಗೆದುಕೊಳ್ಳಲಾಗಿತ್ತು. ಯಾದಗಿರಿಯ ಫಲಿತಾಂಶ ೫೧.೬ ಆಯಿತು. ಕಡೆಯ ಸ್ಥಾನವು ೪೨.೪೩ ಪಡೆದ ಕಲಬುರಗಿಗೆ ಹೋಯಿತು. ಸ್ಥಾನಗಳ ಪಟ್ಟಿಯನ್ನಷ್ಟೇ ನೋಡುವವರಿಗೆ ಇಲ್ಲಿ ಕಾಣುವುದು ನೆರೆಯ ಜಿಲ್ಲೆ ಕೆಳಗಿಳಿಯಿತು ಎಂಬ ಸುದ್ದಿ. ಸಂಖ್ಯೆಯನ್ನಷ್ಟೇ ನೋಡುವವರಿಗೆ, ಯಾದಗಿರಿ ಇದ್ದಲ್ಲಿಯೇ ಇದೆ ಎಂದು ತೋರುತ್ತದೆ. ತಕ್ಕಡಿಯನ್ನೂ ನೋಡುವವರಿಗೆ ಮಾತ್ರ ಮೂರನೆಯ ಸಂಗತಿಯೊಂದು ಹೊಳೆಯುತ್ತದೆ: ಆಸರೆಯನ್ನು ತೆಗೆದ ಮೇಲೂ ಸಂಖ್ಯೆಯು ಕುಸಿಯಲಿಲ್ಲವೆಂದರೆ, ಎಲ್ಲಿಯೋ ಕೆಲವರು ನಿಜವಾಗಿ ದುಡಿದಿರಬೇಕು. ಅವರು ಯಾರು, ಯಾವ ಊರಿನವರು, ಏನು ಮಾಡಿದರು ಎಂಬುದನ್ನು ಹುಡುಕಿಕೊಂಡು ಹೋಗಬೇಕಾದ ಸಂಖ್ಯೆ ಇದು. ಪತ್ರಿಕೆಗಳ ತಲೆಬರಹದಲ್ಲಿ ಇದಕ್ಕೆ ಸ್ಥಳ ದೊರೆಯಲಿಲ್ಲ.

ನನ್ನ ಅಭಿಪ್ರಾಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಸುಳ್ಳಾದ ೭೫ಕ್ಕಿಂತ ನಿಜವಾದ ೫೦ ಮೇಲು. ೨೦೨೪ರ ಸಂಖ್ಯೆಯನ್ನು ಕಂಡು ಜಿಲ್ಲೆಯು ನಾಚಬೇಕಾದ ಕಾರಣವಿಲ್ಲ. ಅದನ್ನು ಹೇಗಾದರೂ ಮಾಡಿ ಮತ್ತೆ ಮೇಲಕ್ಕೆ ತೋರಿಸಬೇಕೆಂಬ ಆತುರ ಮಾತ್ರ ಅಪಾಯಕರವಾದುದು. ಹೀಗೆಂದಮಾತ್ರಕ್ಕೆ, ಫೇಲಾದ ಅರ್ಧದಷ್ಟು ಮಕ್ಕಳ ನೋವು ಅಲ್ಪವೆಂದು ನಾನು ಹೇಳುತ್ತಿಲ್ಲ. ಅವರ ಮೇಲೆ ಆದ ಅನ್ಯಾಯ ಪರೀಕ್ಷೆಯ ದಿನ ನಡೆದುದಲ್ಲ. ಮೂರನೆಯ ತರಗತಿಯಲ್ಲಿ ಓದಲು ಬಾರದಿದ್ದ ಮಗುವನ್ನು ನಾಲ್ಕಕ್ಕೆ, ಐದಕ್ಕೆ, ಆರಕ್ಕೆ ತಳ್ಳುತ್ತ ಬಂದು, ಹತ್ತರ ಬಾಗಿಲಲ್ಲಿ ಮೊದಲ ಬಾರಿಗೆ ನಿಲ್ಲಿಸಿ ತೂಗಿದ್ದು ಅನ್ಯಾಯ.

ಹಾಗಾದರೆ ಮೊದಲೇ ತೂಗುವುದು ಹೇಗೆ? ಅದಕ್ಕೆ ದೊಡ್ಡ ಯಂತ್ರವೇನೂ ಬೇಕಿಲ್ಲ. 'ಪ್ರಥಮ್' ಎಂಬ ಸಂಸ್ಥೆಯು ೨೦೦೫ರಿಂದ ದೇಶದ ಹಳ್ಳಿಗಳಲ್ಲಿ 'ಅಸರ್' ಎಂಬ ಸಮೀಕ್ಷೆಯನ್ನು ನಡೆಸುತ್ತ ಬಂದಿದೆ. ಅದರ ಉಪಕರಣ ಒಂದು ಕಾಗದದ ಹಾಳೆ. ಅದರಲ್ಲಿ ಕೆಲವು ಅಕ್ಷರಗಳು, ಕೆಲವು ಪದಗಳು, ಒಂದನೆಯ ತರಗತಿಯ ಮಟ್ಟದ ಒಂದು ಚಿಕ್ಕ ಪರಿಚ್ಛೇದ, ಎರಡನೆಯ ತರಗತಿಯ ಮಟ್ಟದ ಒಂದು ಪುಟ್ಟ ಕಥೆ. ಲೆಕ್ಕಕ್ಕೆ ಅಂಕಿಗಳ ಗುರುತು, ಒಂದು ಕಳೆಯುವ ಲೆಕ್ಕ, ಒಂದು ಭಾಗಾಕಾರ. ಸಮೀಕ್ಷಕರು ಮನೆಗೇ ಹೋಗಿ, ಮಗುವನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಓದಿಸುತ್ತಾರೆ. ಜಿಲ್ಲೆಗೆ ೩೦ ಹಳ್ಳಿ, ಹಳ್ಳಿಗೆ ೨೦ ಮನೆ. ಅಂತೂ ೬೦೦ ಮನೆಗಳು. ಇಡೀ ಜಿಲ್ಲೆಗೆ ಇಷ್ಟೇ ಸಾಕೇ ಎಂದು ಕೇಳುವವರುಂಟು. ಅನ್ನ ಬೆಂದಿತೋ ಇಲ್ಲವೋ ಎಂದು ತಿಳಿಯಲು ಅಮ್ಮನು ಕೆಲವೇ ಅಗುಳನ್ನು ಹಿಚುಕಿ ನೋಡುತ್ತಾಳಲ್ಲವೆ? ಆದರೆ ಮೇಲಿನದನ್ನಷ್ಟೇ ತೆಗೆಯದೆ, ಸೌಟಿನಿಂದ ಕದಡಿ ತೆಗೆಯುತ್ತಾಳೆ. ಮನೆಗಳನ್ನು ನಮ್ಮ ಇಷ್ಟದಂತೆ ಆರಿಸದೆ ಯಾದೃಚ್ಛಿಕವಾಗಿ ಆರಿಸಬೇಕೆಂಬ ನಿಯಮದ ತಿರುಳು ಇದೇ. ಪ್ರಶಾಂತಚಂದ್ರ ಮಹಾಲನೋಬಿಸರು ೧೯೩೦ರ ದಶಕದ ಕೊನೆಯಲ್ಲಿ ಬಂಗಾಳದ ಸೆಣಬಿನ ಬೆಳೆಯನ್ನು ಈ ಮಾರ್ಗದಿಂದ ಅಂದಾಜು ಮಾಡಿದರು. ೧೯೫೦ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಗೂ ಇದೇ ಬುನಾದಿಯಾಯಿತು.

ಆದರೆ ಅಗುಳಿನ ಉಪಮಾನಕ್ಕೂ ಒಂದು ಮಿತಿಯಿದೆ. ೬೦೦ ಮನೆಗಳ ಮಾದರಿಯು ಜಿಲ್ಲೆಯ ಸ್ಥಿತಿಯನ್ನು ಹೇಳೀತೇ ಹೊರತು ಕಡೇಚೂರಿನ ಸ್ಥಿತಿಯನ್ನು ಹೇಳಲಾರದು. ಆ ೩೦ ಹಳ್ಳಿಗಳಲ್ಲಿ ಕಡೇಚೂರು ಸೇರಿರಲೂ ಬೇಕಿಲ್ಲ. ಅತ್ತ ಒಂದೊಂದು ಶಾಲೆಯ ಶೇಕಡಾವಾರು ಲೆಕ್ಕವನ್ನು ನಂಬೋಣವೆಂದರೆ ಅಲ್ಲಿ ಮತ್ತೊಂದು ಮೋಸ. ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಹನ್ನೆರಡು ಮಕ್ಕಳು ಪರೀಕ್ಷೆಗೆ ಕುಳಿತರೆಂದು ಇಟ್ಟುಕೊಳ್ಳಿ. ಒಂಬತ್ತು ಮಂದಿ ಪಾಸಾದರೆ ಶೇಕಡಾ ೭೫. ಮರುವರ್ಷ ಆರು ಮಂದಿ ಪಾಸಾದರೆ ಶೇಕಡಾ ೫೦. ಇಡೀ ಜಿಲ್ಲೆಯನ್ನು ತಲ್ಲಣಗೊಳಿಸಿದ ಇಳಿತವೇ ಇಲ್ಲಿಯೂ! ಆದರೆ ಇಲ್ಲಿ ಅದರ ಅರ್ಥ ಮೂರು ಮಕ್ಕಳು. ಒಬ್ಬನಿಗೆ ಜ್ವರ ಬಂದಿರಬಹುದು, ಒಬ್ಬಳಿಗೆ ಮದುವೆ ಗೊತ್ತಾಗಿರಬಹುದು, ಇನ್ನೊಬ್ಬನು ಗಣಿತದ ಶಿಕ್ಷಕರಿಲ್ಲದೆ ಎರಡು ವರ್ಷ ಕಳೆದಿರಬಹುದು. ಇಂಥ ಚಿಕ್ಕ ಶಾಲೆಗೆ ಶೇಕಡಾವಾರು ಲೆಕ್ಕ ಹಾಕಿ ನೋಟೀಸು ಕಳುಹಿಸುವುದು ಸಂಖ್ಯಾಶಾಸ್ತ್ರಕ್ಕೆ ವಿರುದ್ಧವಾದುದು. ಅಲ್ಲಿ ಬೇಕಾಗಿರುವುದು ಹೆಸರು ಹಿಡಿದು ಬರೆದ ಪಟ್ಟಿ.

ಯಾವಾಗ ಎಣಿಸುತ್ತೇವೆ ಎಂಬುದೂ ಒಂದು ಪ್ರಶ್ನೆ. ದೇಶದ ಶಾಲೆಗಳ ವಾರ್ಷಿಕ ಮಾಹಿತಿಯನ್ನು ಕೂಡಿಹಾಕುವ ವ್ಯವಸ್ಥೆಯಲ್ಲಿ ದೀರ್ಘಕಾಲದವರೆಗೆ ಸೆಪ್ಟೆಂಬರ್ ೩೦ ಎಣಿಕೆಯ ದಿನವಾಗಿತ್ತು. ದಿಲ್ಲಿಯಲ್ಲಿ ಕುಳಿತು ನೋಡಿದರೆ ಇದರಲ್ಲಿ ದೋಷವೇನೂ ಕಾಣದು. ದಾಖಲಾತಿಯ ಗಡಿಬಿಡಿ ಮುಗಿದು ತರಗತಿಗಳು ಸ್ಥಿರವಾಗಿರುವ ಕಾಲ. ಯಾದಗಿರಿಯಲ್ಲಿ ನಿಂತು ನೋಡಿದರೆ? ಹತ್ತಿ ಬಿಡಿಸುವ ಕೆಲಸ ಬಿರುಸಾಗುವುದು ದಸರೆ, ದೀಪಾವಳಿಗಳ ಸುಮಾರಿಗೆ. ಗುಳೆ ಹೋಗುವ ಕುಟುಂಬಗಳು ಬೆಂಗಳೂರು, ಪುಣೆ, ಮುಂಬಯಿ, ಹೈದರಾಬಾದುಗಳ ದಾರಿ ಹಿಡಿಯುವುದು ಸುಗ್ಗಿ ಮುಗಿದು ಊರಿನಲ್ಲಿ ಕೂಲಿ ತೀರಿದ ಮೇಲೆ. ಸೆಪ್ಟೆಂಬರಿನಲ್ಲಿ ಹಾಜರಿ ಪುಸ್ತಕದಲ್ಲಿದ್ದ ಮಗು ಜನವರಿಯಲ್ಲಿ ಹೊಲದಲ್ಲಿಯೋ ಕಟ್ಟಡದ ಕಾಮಗಾರಿಯ ಬಳಿಯ ತಗಡಿನ ಗುಡಿಸಲಿನಲ್ಲಿಯೋ ಇರುತ್ತದೆ. ಎಣಿಕೆಯಲ್ಲಿ ತಪ್ಪಿಲ್ಲ, ಆದರೆ ಸಂಗತಿ ತಪ್ಪಿಹೋಗಿದೆ. ಮಳೆಗಾಲದಲ್ಲಿ ಕೆರೆಯ ನೀರನ್ನು ಅಳೆದು, ಬೇಸಗೆಗೆ ನೀರಿದೆ ಎಂದು ಬರೆದುಕೊಂಡ ಹಾಗೆ.

ಎಣಿಕೆಯ ಪದಗಳೂ ಹಾಗೆಯೇ. 'ಶಾಲೆಯಿಂದ ಹೊರಗುಳಿದ ಮಗು' ಎಂದರೆ ಯಾರು? ಕರ್ನಾಟಕದಲ್ಲಿ ಒಂದು ಕಾಲಕ್ಕೆ ಅರವತ್ತು ದಿನ ಶಾಲೆಗೆ ಬಾರದಿದ್ದರೆ ಮಾತ್ರ ಆ ಹೆಸರಿಗೆ ಅರ್ಹತೆ ಬರುತ್ತಿತ್ತು. ೨೦೧೩ರಲ್ಲಿ ರಾಜ್ಯದ ಉಚ್ಚನ್ಯಾಯಾಲಯವು ಈ ವಿಷಯವನ್ನು ತಾನಾಗಿಯೇ ಕೈಗೆತ್ತಿಕೊಂಡ ಬಳಿಕ, ಏಳು ದಿನಗಳ ಗೈರುಹಾಜರಿಯನ್ನೇ ಎಚ್ಚರಿಕೆಯ ಗುರುತಾಗಿ ಹಿಡಿಯುವ ನಿಯಮ ಬಂದಿತು. ಅರವತ್ತಕ್ಕೂ ಏಳಕ್ಕೂ ನಡುವೆ ಇರುವುದು ಅಂಕಗಣಿತದ ವ್ಯತ್ಯಾಸವಷ್ಟೇ ಅಲ್ಲ. ಅರವತ್ತು ಎಂದವರು 'ನಮ್ಮ ಲೆಕ್ಕ ಚೆನ್ನಾಗಿ ಕಾಣಲಿ' ಎಂದರು. ಏಳು ಎಂದವರು 'ಮಗು ಕೈತಪ್ಪುವ ಮೊದಲು ನಮಗೆ ತಿಳಿಯಲಿ' ಎಂದರು. ಯಾವ ಸಂಖ್ಯೆಯೂ ತಾನಾಗಿಯೇ ಬಂದು ನಿಲ್ಲುವುದಿಲ್ಲ. ಯಾವುದನ್ನು ಮುಖ್ಯವೆಂದು ಬಗೆದೆವೋ ಅದು ಅದರ ಬೆನ್ನಿಗಿರುತ್ತದೆ. ಮೌಲ್ಯಗಳು ಬೇರೆ, ಅಂಕಿ-ಅಂಶಗಳು ಬೇರೆ ಎಂದು ಹೇಳುವವರು ಇದನ್ನು ಮನಗಾಣಬೇಕು.

ಈ ದೃಷ್ಟಿಯಿಂದ ಯಾದಗಿರಿಯು ಒಂದು ದೊಡ್ಡ ಪ್ರಯೋಗದ ನಡುವೆ ಇದೆ. ೧೯೫೬ರ ನವೆಂಬರ್ ೧ರವರೆಗೆ ಈ ನಾಡು ಹೈದರಾಬಾದು ಸಂಸ್ಥಾನ, ಅನಂತರ ಹೈದರಾಬಾದು ರಾಜ್ಯ ಎಂಬ ಆಡಳಿತದಲ್ಲಿ ಇದ್ದಿತು. ನಿಜಾಮರ ಕಾಲದಲ್ಲಿ ಮೇಲಿನ ತರಗತಿಗಳ ವಿದ್ಯೆ ಉರ್ದುವಿನಲ್ಲಿ ನಡೆಯುತ್ತಿತ್ತು. ಹಳ್ಳಿಯ ಕನ್ನಡದ ಮಗುವಿಗೆ ಶಾಲೆಯ ಹೊಸ್ತಿಲೇ ಎತ್ತರವಾಗಿದ್ದಿತು. ಅಂದಿನ ಕೊರತೆ ಇಂದಿಗೂ ಇಂಗಿಲ್ಲ. ೨೦೧೧ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇಕಡಾ ೭೫.೩೬ ಆಗಿದ್ದರೆ ಯಾದಗಿರಿಯದು ೫೧.೮೩, ಹೆಂಗಸರಲ್ಲಿ ೪೧.೩೮. ಜಿಲ್ಲೆಗಳಲ್ಲೆಲ್ಲ ಇದೇ ಕಡಮೆ. ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು ೨೦೦೨ರಲ್ಲಿ ಮೂವತ್ತೈದು ಸೂಚಕಗಳಿಂದ ರಾಜ್ಯದ ೧೭೫ ತಾಲ್ಲೂಕುಗಳನ್ನು ಅಳೆದು, ೩೯ನ್ನು ಅತ್ಯಂತ ಹಿಂದುಳಿದವು ಎಂದಿತು. ಯಾದಗಿರಿ, ಶಹಾಪುರ, ಸುರಪುರ ಮೂರೂ ಆ ಪಟ್ಟಿಯಲ್ಲಿದ್ದವು. ಆ ವರದಿಯಲ್ಲಿ ನನಗೆ ಮೆಚ್ಚುಗೆಯಾಗುವುದು ಅಳತೆಯ ಉದ್ದೇಶ. ಎಲ್ಲಿ ಕೊರತೆ ಹೆಚ್ಚೋ ಅಲ್ಲಿಗೆ ಹಣ ಹೆಚ್ಚು ಹೋಗಲಿ ಎಂದು ಅಳೆದರು. ಹಿಂದುಳಿದ ತಾಲ್ಲೂಕನ್ನು ಹಳಿಯುವುದಕ್ಕೆ ಅಳೆಯಲಿಲ್ಲ.

೨೦೧೮ರ ಜನವರಿಯಲ್ಲಿ ಕೇಂದ್ರ ಸರಕಾರವು 'ಮಹತ್ವಾಕಾಂಕ್ಷೆಯ ಜಿಲ್ಲೆಗಳು' ಎಂಬ ಯೋಜನೆಯನ್ನು ಆರಂಭಿಸಿದಾಗ ಕರ್ನಾಟಕದಿಂದ ಆಯ್ಕೆಯಾದವು ಎರಡು: ರಾಯಚೂರು ಮತ್ತು ಯಾದಗಿರಿ. ಅಲ್ಲಿ ಸೂಚಕಗಳು ನಲವತ್ತೊಂಬತ್ತು; ಒಟ್ಟು ಅಂಕದಲ್ಲಿ ಶಿಕ್ಷಣಕ್ಕೆ ಶೇಕಡಾ ೩೦ರ ಪಾಲು. ಕೆಳಗಿನ ತರಗತಿಯಿಂದ ಮೇಲಿನ ಹಂತಕ್ಕೆ ಎಷ್ಟು ಮಕ್ಕಳು ದಾಟಿದರು, ಹೆಣ್ಣುಮಕ್ಕಳಿಗೆ ಶೌಚಾಲಯವಿದೆಯೇ, ಕುಡಿಯುವ ನೀರಿದೆಯೇ, ಪಠ್ಯಪುಸ್ತಕಗಳು ವೇಳೆಗೆ ಬಂದವೇ ಎಂಬ ಪ್ರಶ್ನೆಗಳು ಅದರಲ್ಲಿವೆ. ಪ್ರಶ್ನೆಗಳು ಒಳ್ಳೆಯವೇ. ಆದರೆ ತಿಂಗಳು ತಿಂಗಳೂ ಜಿಲ್ಲೆಗಳಿಗೆ ಸ್ಥಾನಗಳನ್ನು ಹಂಚುವ ಕ್ರಮವೂ ಜೊತೆಗೆ ಬಂದಿತು. ಇಲ್ಲಿ ನಾವು ಇತಿಹಾಸದಿಂದ ಎರಡು ಪಾಠಗಳನ್ನು ಕೇಳಿಸಿಕೊಳ್ಳುವುದು ಒಳ್ಳೆಯದು.

ಇಂಗ್ಲೆಂಡಿನಲ್ಲಿ ೧೮೬೨ರಲ್ಲಿ ರಾಬರ್ಟ್ ಲೋ ಎಂಬ ರಾಜಕಾರಣಿಯು ಶಾಲೆಗಳ ಅನುದಾನವನ್ನು ಮಕ್ಕಳ ಪರೀಕ್ಷೆಗೆ ಗಂಟುಹಾಕಿದನು. ತನಿಖಾಧಿಕಾರಿಯು ಬಂದು ಓದು, ಬರೆಹ, ಲೆಕ್ಕಗಳಲ್ಲಿ ಒಂದೊಂದು ಮಗುವನ್ನೂ ಪರೀಕ್ಷಿಸುವನು. ತಪ್ಪಿದ ಮಗುವಿನ ಲೆಕ್ಕಕ್ಕೆ ಹಣ ಕಡಿತ. ಪರಿಣಾಮವೇನಾಯಿತು? ಮಕ್ಕಳು ಓದುವುದನ್ನು ಕಲಿಯಲಿಲ್ಲ, ವಾಚನಪುಸ್ತಕವನ್ನೇ ಬಾಯಿಪಾಠ ಮಾಡಿದರು. ಕವಿಯೂ ಶಾಲಾ ತನಿಖಾಧಿಕಾರಿಯೂ ಆಗಿದ್ದ ಮ್ಯಾಥ್ಯೂ ಆರ್ನಲ್ಡನು ಇದನ್ನು ಕಣ್ಣಾರೆ ಕಂಡು ಖಂಡಿಸುತ್ತಲೇ ಹೋದನು. ಆ ಪದ್ಧತಿ ಕೊನೆಗೊಳ್ಳಲು ೧೮೯೦ರ ದಶಕ ಬರಬೇಕಾಯಿತು. ಎರಡನೆಯದು ನಮ್ಮ ಕಾಲದ್ದು. ಅಮೆರಿಕದ ಅಟ್ಲಾಂಟ ನಗರದ ಶಾಲೆಗಳಲ್ಲಿ ಫಲಿತಾಂಶವು ಬೆರಗಾಗುವಂತೆ ಏರಿತು. ೨೦೧೧ರಲ್ಲಿ ಹೊರಬಿದ್ದ ರಾಜ್ಯಮಟ್ಟದ ತನಿಖೆಯು ೪೪ ಶಾಲೆಗಳಲ್ಲಿ ಮೋಸ ನಡೆದಿತ್ತೆಂದೂ, ೧೭೮ ಮಂದಿ ಶಿಕ್ಷಕರೂ ಮುಖ್ಯೋಪಾಧ್ಯಾಯರೂ ಅದರಲ್ಲಿ ಸಿಕ್ಕಿಕೊಂಡಿದ್ದರೆಂದೂ ಹೇಳಿತು. ಮಕ್ಕಳ ಉತ್ತರಗಳನ್ನು ಗುರುಗಳೇ ಅಳಿಸಿ ತಿದ್ದಿದ್ದರು! ಇವರೆಲ್ಲರೂ ಹುಟ್ಟಾ ಕೆಟ್ಟವರೆಂದು ನಾನು ನಂಬುವುದಿಲ್ಲ. ಸಂಖ್ಯೆಯು ಏರದಿದ್ದರೆ ಕೆಲಸ ಹೋದೀತೆಂಬ ಭಯವಿದ್ದಲ್ಲಿ ಸಂಖ್ಯೆಯು ಏರುತ್ತದೆ. ಮಕ್ಕಳು ಇದ್ದಲ್ಲಿಯೇ ಉಳಿಯುತ್ತಾರೆ.

ಆದುದರಿಂದ ಅಳೆಯುವ ಮುನ್ನ ನಾವೆಲ್ಲ ಕೂಡಿ ಕೆಲವು ಮಾತುಗಳನ್ನು ಒಪ್ಪಿಕೊಳ್ಳಬೇಕು. ನಿಜವನ್ನು ಬರೆದ ಶಿಕ್ಷಕನಿಗೆ ಶಿಕ್ಷೆಯಿಲ್ಲ ಎಂಬುದು ಅವುಗಳಲ್ಲಿ ಮೊದಲನೆಯದು. 'ನನ್ನ ಐದನೆಯ ತರಗತಿಯಲ್ಲಿ ಎಂಟು ಮಕ್ಕಳಿಗೆ ಪದ ಓದಲು ಬಾರದು' ಎಂದು ಬರೆಯುವ ಧೈರ್ಯವು, ಅದನ್ನು ಓದಿದವರು ಸಹಾಯಕ್ಕೆ ಬರುವರೆಂಬ ನಂಬಿಕೆಯಿದ್ದಾಗ ಮಾತ್ರ ಹುಟ್ಟುತ್ತದೆ. ಮಂದಗತಿಯ ಮಗುವನ್ನು ಒಂಬತ್ತರಲ್ಲಿಯೇ ತಡೆದು ಶಾಲೆಯ ಶೇಕಡಾವಾರು ಏರಿಸುವುದು ಗೌರವದ ಕೆಲಸವಲ್ಲ ಎಂಬುದನ್ನೂ ಒಪ್ಪಬೇಕು. ಮನೆಯಲ್ಲಿ ತೆಲುಗನ್ನೋ ತಾಂಡಾದಲ್ಲಿ ಲಂಬಾಣಿಯನ್ನೋ ಆಡಿ ಬೆಳೆದ ಮಗು ಕನ್ನಡದ ಪರಿಚ್ಛೇದದ ಮುಂದೆ ತಡವರಿಸಿದರೆ ಅದು ದಡ್ಡತನವಲ್ಲವೆಂದು ಎಣಿಸುವವರಿಗೆ ತಿಳಿದಿರಬೇಕು. ಗಡಿಯ ಊರುಗಳಲ್ಲಿ ಇದು ಸಣ್ಣ ಮಾತಲ್ಲ. ಅತಿಥಿ ಶಿಕ್ಷಕರನ್ನು ನಂಬಿ ನಡೆಯುವ ಶಾಲೆಯನ್ನು, ವಿಷಯಕ್ಕೊಬ್ಬರು ಖಾಯಂ ಶಿಕ್ಷಕರಿರುವ ಶಾಲೆಯ ಪಕ್ಕದಲ್ಲಿ ನಿಲ್ಲಿಸಿ ಎತ್ತರ ಅಳೆಯುವುದು ನ್ಯಾಯವಲ್ಲವೆಂಬುದನ್ನು ಹೇಳಲೇಬೇಕಾಗಿಲ್ಲ.

ಇವನ್ನು ಒಪ್ಪಿಕೊಳ್ಳುವ ಸ್ಥಳ ಯಾವುದು? ಹೊಸದನ್ನು ಕಟ್ಟಬೇಕಾಗಿಲ್ಲ. ೨೦೦೧ರಿಂದಲೇ ನಮ್ಮ ಸರಕಾರಿ ಶಾಲೆಗಳಿಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. ತಾಯಿತಂದೆಗಳೇ ಅದರ ಸದಸ್ಯರು. ಬಹಳ ಕಡೆ ಅವು ಕಾಂಪೌಂಡು, ಬಣ್ಣ, ಬಿಸಿಯೂಟಗಳ ಮಾತಿನಲ್ಲಿಯೇ ಮುಗಿದುಹೋಗುತ್ತವೆ, ಅದೂ ಬೇಕಾದುದೇ. ಸುರಪುರ ತಾಲ್ಲೂಕಿನಲ್ಲಿ ಇದಕ್ಕಿಂತ ಮುಂದೆ ಹೋದ ಒಂದು ಯತ್ನ ಹಿಂದೆ ನಡೆದಿದೆ. ೨೦೦೦ದ ದಶಕದ ನಡುವಿನಲ್ಲಿ ರಾಜ್ಯ ಸರಕಾರ, ಯೂನಿಸೆಫ್ ಮತ್ತು ಅಜೀಂ ಪ್ರೇಮ್‌ಜಿ ಪ್ರತಿಷ್ಠಾನಗಳು ಕೂಡಿ ಅಲ್ಲಿ 'ಮಕ್ಕಳಸ್ನೇಹಿ ಶಾಲೆ'ಗಳ ಕಾರ್ಯವನ್ನು ಕೈಗೊಂಡವು. ಕಲಿಕೆಯ ಜೊತೆಗೆ ಶಾಲೆಯ ಆವರಣ, ತರಗತಿಯ ವಾತಾವರಣ, ಶಿಕ್ಷಕರ ಸಿದ್ಧತೆ, ಊರಿನವರ ಪಾಲು ಇವನ್ನೆಲ್ಲ ಗಮನಕ್ಕೆ ತಂದುಕೊಂಡ ಕಾರ್ಯವದು. ಒಳ್ಳೆಯ ಶಾಲೆ ಎಂದರೇನು ಎಂಬ ಪ್ರಶ್ನೆಯನ್ನು ಒಂದೇ ಅಂಕಿಗೆ ಇಳಿಸದೆ ಉಳಿಸಿಕೊಂಡುದು ಅದರ ಹೆಚ್ಚುಗಾರಿಕೆ. ದೂರದ ದೇಶಗಳ ಉದಾಹರಣೆ ಹುಡುಕುವ ಮುನ್ನ, ಕಡೇಚೂರಿನವರು ತಮ್ಮದೇ ಜಿಲ್ಲೆಯ ಆ ಅನುಭವವನ್ನು ವಿಚಾರಿಸಬಹುದು.

'ಓದು ಬಾರದ ತಾಯಿತಂದೆಗಳ ಮುಂದೆ ಅಂಕಿಗಳನ್ನಿಟ್ಟು ಏನು ಫಲ?' ಎಂಬ ಆಕ್ಷೇಪವು ನನಗೆ ಅನೇಕ ಸಲ ಎದುರಾಗಿದೆ. ಕೇಳುವವರು ಹೆಚ್ಚಾಗಿ ಓದಿದವರೇ. ತಕ್ಕಡಿಯ ಮುಳ್ಳನ್ನು ಓದಬಲ್ಲ ರೈತನಿಗೆ ಇದು ತಿಳಿಯದೆಂಬ ಊಹೆಯೇ ತಪ್ಪು. ಶೇಕಡಾವಾರು ಪಟ್ಟಿಯನ್ನು ಗೋಡೆಗೆ ಅಂಟಿಸಿದರೆ ಅವರಿಗೆ ತಿಳಿಯದಿರಬಹುದು. ಆದರೆ ಮಗಳು ಎದುರಿಗೆ ನಿಂತು ನಾಲ್ಕು ಸಾಲನ್ನು ತಡೆಯಿಲ್ಲದೆ ಓದಿದಳೋ, ಇಲ್ಲವೋ ಎಂಬುದು ಅಕ್ಷರವೊಂದೂ ಬಾರದ ತಾಯಿಗೂ ಕಿವಿಯಿಂದಲೇ ತಿಳಿಯುತ್ತದೆ. 'ಸಮುದಾಯದತ್ತ ಶಾಲೆ' ಎಂಬ ಹೆಸರಿನಲ್ಲಿ ಇಲಾಖೆಯು ನಡೆಸುವ ಸಭೆಗಳಿಗೆ ಇದೊಂದೇ ಕೆಲಸ ಸಾಕು. ಓದಲಾರದ ಮಗುವಿಗೆ ಅಂದು ಅವಮಾನವಾಗದಂತೆ ನಡೆಸುವ ಹೊಣೆ ಮಾತ್ರ ಶಿಕ್ಷಕರದು. ತುಂಬಿದ ಸಭೆಗಿಂತ ತಾಯಿತಂದೆಗಳನ್ನು ಒಬ್ಬೊಬ್ಬರಾಗಿ ಕರೆದು ಕೇಳಿಸುವುದೇ ಲೇಸು.

ಇನ್ನು ಈ ಪತ್ರಿಕೆಯನ್ನು ಓದುವ ವಿದ್ಯಾರ್ಥಿಗಳ ಮಾತು. ಯಾದಗಿರಿಯ, ಶಹಾಪುರದ, ಸುರಪುರದ ಕಾಲೇಜುಗಳಲ್ಲಿ ಸಂಖ್ಯಾಶಾಸ್ತ್ರವನ್ನು ಓದುವವರು ಮಾಧ್ಯ, ಮಧ್ಯಾಂಕ, ಬಹುಲಕಗಳನ್ನು ಯಾರದೋ ಕಾರ್ಖಾನೆಯ ಕೂಲಿಯ ಲೆಕ್ಕದಿಂದ ಕಲಿಯುತ್ತಾರೆ. ಅದರ ಬದಲು ನಿಮ್ಮ ಊರಿಗೇ ಹೋಗಿ. ಸೆಪ್ಟೆಂಬರಿನಲ್ಲಿ ಬೇಡ, ಜನವರಿಯಲ್ಲಿ, ಹತ್ತಿಯ ಹೊಲಗಳಲ್ಲಿ ಜನರಿರುವಾಗ ಹೋಗಿ. ಶಾಲೆಯ ಮುಖ್ಯೋಪಾಧ್ಯಾಯರ ಮತ್ತು ಸಮಿತಿಯವರ ಒಪ್ಪಿಗೆಯನ್ನು ಮೊದಲು ಪಡೆಯಿರಿ. ಮಗುವಿನ ಹೆಸರು, ವಯಸ್ಸು, ಮನೆಯ ಮಾತು, ಅಕ್ಷರ-ಪದ-ಪರಿಚ್ಛೇದ-ಕಥೆಗಳಲ್ಲಿ ಎಲ್ಲಿಯವರೆಗೆ ಓದಿತು, ಈ ವಾರ ಎಷ್ಟು ದಿನ ಶಾಲೆಗೆ ಹೋಯಿತು ಎಂದು ಐದು ಕಲಮುಗಳನ್ನು ಗೀಚಿದ ಒಂದು ನೋಟುಪುಸ್ತಕ ಸಾಕು. ಆ ಪುಸ್ತಕವನ್ನು ಕಾಲೇಜಿಗೆ ಕೊಂಡೊಯ್ಯಬೇಡಿ, ಊರಿನ ಶಾಲೆಯಲ್ಲಿಯೇ ಬಿಟ್ಟುಬನ್ನಿ. ಮಕ್ಕಳ ಹೆಸರುಗಳಿರುವ ಪುಸ್ತಕ ಕಂಡವರ ಕೈಗೆ ಹೋಗಕೂಡದು. ಮರುವರ್ಷ ಜನವರಿಯಲ್ಲಿ ಅದೇ ಮಕ್ಕಳನ್ನು ಮತ್ತೆ ಓದಿಸಲು ಹೋಗುವವರಿಗೆ ಅನುಕೂಲವಾಗಲೆಂದು ಪ್ರತಿಯೊಂದು ಹೆಸರಿನ ಮುಂದೆಯೂ ಒಂದು ಸಾಲಿನಷ್ಟು ಜಾಗವನ್ನು ಖಾಲಿ ಬಿಟ್ಟಿರಿ.